ಇಬ್ಬರಿಗೂ ಒಂದೇ ಮಾತ್ರೆ

ಫೆಬ್ರವರಿ ೩

ಅಕ್ಕಾ,

ಕಾಗದ ತಡವಾಯಿತು. ಮೊದಲು ಬೈದುಬಿಡು, ಆಮೇಲೆ ಓದು.

ಕಳೆದ ತಿಂಗಳು ಗಿರಣಿಯಲ್ಲಿ ನೂಲುವ ಯಂತ್ರದ ಬೆಲ್ಟು ಬಿಗಿಯುತ್ತಿದ್ದಾಗ ಎದೆ ಹಿಂಡಿದ ಹಾಗಾಯಿತು. ಗ್ಯಾಸ್ ಇರಬೇಕು ಅಂತ ಸೋಡಾ ತರಿಸಿ ಕುಡಿದೆ. ಬಾಟಲಿ ಖಾಲಿಯಾಗುವ ಮೊದಲೇ ನಾನು ನೆಲದ ಮೇಲಿದ್ದೆ. ನಮ್ಮ ಗಿರಣಿಯ ಸ್ಟೋರ್ ನೋಡಿಕೊಳ್ಳುವವನು, ನಾವೆಲ್ಲ ಉಗ್ರಾಣಿ ಅಂತ ಕರೆಯುತ್ತೇವಲ್ಲ ಅವನು, ನನ್ನನ್ನು ನೂಲಿನ ಲಾರಿಯಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಹೃದಯಾಘಾತವಂತೆ. ರಕ್ತನಾಳ ಕಟ್ಟಿಕೊಂಡಿತ್ತಂತೆ, ಅದರೊಳಗೆ ಸ್ಟೆಂಟ್ ಅಂತ ಒಂದು ಸಣ್ಣ ಜಾಲರಿ ಕೊಳವೆ ಕೂರಿಸಿದ್ದಾರೆ. ಫಿಟ್ಟರ್ ಆಗಿ ನಾನು ಜೀವಮಾನವೆಲ್ಲ ಪೈಪುಗಳಿಗೆ ಮಾಡಿದ್ದನ್ನು ಅವರು ನನಗೇ ಮಾಡಿ ಕಳಿಸಿದರು.

ಒಂದು ಫೋನ್ ಮಾಡಿಸೋಕೇನಾಗಿತ್ತು ಅನ್ನುತ್ತೀಯ. ಗಿರಣಿಯ ಸದ್ದು ತಿಂದು ಬಿಟ್ಟ ಕಿವಿ ಇದು. ಫೋನಿನಲ್ಲಿ ನೀನು ಅತ್ತರೂ ನನಗೆ ನಕ್ಕ ಹಾಗೆ ಕೇಳಿಸುತ್ತದೆ. ಕಾಗದವಾದರೆ ನೀನು ಏನು ಹೇಳಿದೆ ಅಂತ ಎರಡು ಸಲ ಓದಬಹುದು.

ಮಾತ್ರೆ ರಾಶಿ ಕೊಟ್ಟಿದ್ದಾರೆ. ಅದರಲ್ಲಿ ಒಂದು ಆಸ್ಪಿರಿನ್. ನಾವು ತಲೆನೋವಿಗೆ ನುಂಗುತ್ತಿದ್ದೆವಲ್ಲ, ಅದೇ, ಆದರೆ ಸಣ್ಣದು, ಮಗುವಿನ ಹಲ್ಲಿನಷ್ಟು. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದಂತೆ. ಬಿಟ್ಟರೆ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳಬಹುದಂತೆ. ಬೆಳಗ್ಗೆ ಎಂಟಕ್ಕೆ ತಿಂಡಿ ಮುಗಿಸಿ ನುಂಗುತ್ತೇನೆ.

ಇವಳು ಚೆನ್ನಾಗಿದ್ದಾಳೆ. ನಿನ್ನನ್ನು ಕೇಳಿದ್ದಾಳೆ ಅಂತ ಬರೆ ಅಂದಳು.

ನಿನ್ನ ತಮ್ಮ


ಫೆಬ್ರವರಿ ೧೪

ಲೋ ಬಾಲ,

ಬೈಯುವುದೆಲ್ಲ ಬೈದಾಯಿತು. ನನ್ನ ಹೊಲಿಗೆ ಯಂತ್ರ ಕೇಳಿಸಿಕೊಂಡಿದೆ, ನಿನಗೆ ಬರೆದು ಕಳಿಸುವಷ್ಟು ಹಾಳೆ ನನ್ನ ಹತ್ತಿರ ಇಲ್ಲ. ಅವಳಿಯಾಗಿ ಅಮ್ಮನ ಹೊಟ್ಟೆಯಿಂದ ನನ್ನ ಹಿಂದೆಯೇ ಬಂದವನು ನೀನು, ಅದಕ್ಕೇ ಬಾಲ ಅಂತ ಹೆಸರಿಟ್ಟಿದ್ದು. ಮುಂದೆ ಹೋಗುವ ಕೆಲಸ ನನ್ನದು. ನೀನ್ಯಾಕೆ ಅವಸರ ಮಾಡುತ್ತೀಯ?

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆಮೇಲೆ ಎದ್ದು ಔಷಧಿ ಅಂಗಡಿಗೆ ಹೋಗಿ ಅದೇ ಸಣ್ಣ ಆಸ್ಪಿರಿನ್ ತಂದೆ. ಅಂಗಡಿಯವನು ಯಾರಿಗೆ, ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ನಮ್ಮ ಮನೆಯ ಪದ್ಧತಿ ಅವನಿಗೆ ಹೇಗೆ ಅರ್ಥವಾಗಬೇಕು? ನಿನಗೆ ಜ್ವರ ಬಂದರೆ ಅಮ್ಮ ನನಗೂ ಒಂದು ಚಮಚ ಕುಡಿಸುತ್ತಿದ್ದಳು, ನನಗೆ ಕಿವಿ ಸೋರಿದರೆ ನಿನ್ನ ಕಿವಿಗೂ ಎರಡು ಹನಿ. ಒಟ್ಟಿಗೆ ಬಂದಿರೋದು, ಒಟ್ಟಿಗೇ ವಾಸಿಯಾಗಲಿ ಅನ್ನುತ್ತಿದ್ದಳು. ಡಾಕ್ಟರು ಬೈದರೂ ಕೇಳಲಿಲ್ಲ. ನಾವೂ ಇಷ್ಟು ವಯಸ್ಸಾದರೂ ಬಿಟ್ಟಿಲ್ಲ ನೋಡು. ನನ್ನ ಕಣ್ಣಿನ ಆಪರೇಷನ್ ಆದಾಗ ನೀನು ಅಲ್ಲಿ ಕೂತು ಕಣ್ಣಿಗೆ ಹನಿ ಹಾಕಿಕೊಂಡವನಲ್ಲವೇ?

ಹಾಗಾಗಿ ನಾನೂ ಬೆಳಗ್ಗೆ ಎಂಟಕ್ಕೆ ನುಂಗುತ್ತೇನೆ. ಆ ಹೊತ್ತಿಗೆ ನೀನೂ ಅಲ್ಲಿ ಲೋಟ ಹಿಡಿದಿರುತ್ತೀಯ ಅಂತ ಗೊತ್ತಿದ್ದರೆ ಸಾಕು, ಈ ಕೋಣೆಯಲ್ಲಿ ಒಬ್ಬಳೇ ತಿಂಡಿ ತಿಂದ ಹಾಗೆ ಅನಿಸುವುದಿಲ್ಲ. ನಿನ್ನ ಭಾವ ಹೋದಮೇಲೆ ಬೆಳಗಿನ ಹೊತ್ತೇ ನನಗೆ ಕಷ್ಟದ್ದು. ಸಂಜೆಗಾದರೆ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲವಿರುತ್ತದೆ.

ನನ್ನ ಬಿಪಿ ಮಾತ್ರೆ ನಡೆಯುತ್ತಿದೆ. ಅದನ್ನು ನುಂಗತೊಡಗಿದಾಗಿನಿಂದ ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ, ಬಿಡು.

ನಿನ್ನ ಹೆಂಡತಿ ಒಂದು ಸಾಲಾದರೂ ಬರೆಯಬಾರದೆ? ಮಗಳ ಮದುವೆಗೆ ನಾನು ಹೊಲಿದುಕೊಟ್ಟ ಬಟ್ಟೆ ಬಿಗಿಯಾಯಿತು ಅಂತ ಅವಳಿಗೆ ಇನ್ನೂ ಸಿಟ್ಟಿರಬೇಕು. ಅಳತೆ ಕೊಡುವಾಗ ಉಸಿರು ಹಿಡಿದು ನಿಂತವಳು ಅವಳೇ ಅಂತ ಹೇಳು. ಬೇಡ, ಹೇಳಬೇಡ. ನಿನ್ನನ್ನು ನೋಡಿಕೊಳ್ಳೋಕೆ ಅವಳಿದ್ದಾಳಲ್ಲ, ನನಗೆ ಅದೇ ನೆಮ್ಮದಿ.

ಅಕ್ಕ


ಮಾರ್ಚ್ ೧

ಅಕ್ಕಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ. ಈಗ ಎಂಟು ಗಂಟೆ ಅಂದರೆ ನನಗೆ ಯಾರೋ ಮನೆಗೆ ಬರುವ ಹೊತ್ತು. ಮೇಜಿನ ಮೇಲೆ ಎರಡು ಲೋಟ ಇಡುತ್ತೇನೆ, ನಗಬೇಡ.

ಗಿರಣಿಯವರು ಯಂತ್ರದ ಹತ್ತಿರ ಬಿಡುತ್ತಿಲ್ಲ. ಸ್ಟೋರಿನಲ್ಲಿ ಉಗ್ರಾಣಿಯ ಪಕ್ಕ ಕೂತು ನಟ್ಟು ಬೋಲ್ಟು ಬೇರೆ ಬೇರೆ ಮಾಡುತ್ತೇನೆ. ಅವನು ಏನಾದರೂ ಹೇಳುತ್ತಾನೆ, ನಾನು ತಲೆಯಾಡಿಸುತ್ತೇನೆ. ಮೊನ್ನೆ ಹಾಗೆ ತಲೆಯಾಡಿಸಿ ಅವನ ಊಟದ ಡಬ್ಬಿ ತೊಳೆಯುವ ಕೆಲಸ ಒಪ್ಪಿಕೊಂಡಿದ್ದೆನಂತೆ.

ಒಂದು ವಿಷಯ ಯೋಚಿಸಿದೆ. ನಮ್ಮ ಯಂತ್ರಗಳಲ್ಲಿ ಮಂದ ಎಣ್ಣೆ ಹಾಕಿದರೆ ಪಂಪು ಏದುಸಿರು ಬಿಡುತ್ತದೆ, ಒತ್ತಡದ ಮುಳ್ಳು ಏರುತ್ತದೆ. ತೆಳು ಎಣ್ಣೆ ಹಾಕಿದರೆ ಮುಳ್ಳು ತಾನಾಗಿ ಇಳಿಯುತ್ತದೆ. ಆಸ್ಪಿರಿನ್ ರಕ್ತ ತೆಳು ಮಾಡುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅಂದಮೇಲೆ ಬಿಪಿಯೂ ಇಳಿಯಲೇಬೇಕಲ್ಲ? ನೀನು ಆಸ್ಪಿರಿನ್ ನುಂಗುತ್ತಿರುವಾಗ ಆ ಪಾದ ಊದಿಸುವ ಮಾತ್ರೆ ಯಾಕೆ? ಒತ್ತಡ ಇಳಿಸೋಕೆ ಅಂತ ಒಂದು ಪಂಪಿಗೆ ಎರಡು ವಾಲ್ವ್ ಯಾರೂ ಹಾಕುವುದಿಲ್ಲ. ನಿನ್ನ ಚಪ್ಪಲಿಯ ಕಷ್ಟ ಓದಿ ಹೇಳಿದೆ ಅಷ್ಟೇ.

ಇವತ್ತು ಅನ್ನ ತಳ ಹಿಡಿದು ಪಾತ್ರೆ ಉಜ್ಜಿ ಉಜ್ಜಿ ಕೈ ಸೋತಿತು. ಇವಳು ಪಾಪ ಮರೆತು ಎಲ್ಲೋ ಹೋಗಿದ್ದಳು.

ನಿನ್ನ ತಮ್ಮ


ಮಾರ್ಚ್ ೧೯

ಬಾಲ,

ನಿನ್ನ ಮಾತು ಕೇಳಿ ಬಿಪಿ ಮಾತ್ರೆ ಬಿಟ್ಟೆ. ಡಾಕ್ಟರ ಮಾತಿಗಿಂತ ನಿನ್ನ ಪಂಪು ವಾಲ್ವು ನನಗೆ ಚೆನ್ನಾಗಿ ಅರ್ಥವಾಯಿತು. ವಾರ ಕಳೆಯುವಷ್ಟರಲ್ಲಿ ಪಾದ ಇಳಿದು ಹಳೆಯ ಚಪ್ಪಲಿಯೇ ಸಡಿಲವಾಗಿದೆ. ಬಿಪಿ ಅಳೆಸಿಲ್ಲ. ಅಳೆಸುವುದು ಯಾಕೆ, ಕಾಲೇ ಹೇಳುತ್ತಿದೆಯಲ್ಲ.

ಅಂಗಡಿಯಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಒಬ್ಬ ಗಿರಾಕಿಯ ಬಿಳಿ ಕೋಟಿನ ತೋಳು ಗಿಡ್ಡ ಮಾಡುತ್ತಿದ್ದೆ, ಸೂಜಿ ಬೆರಳಿಗೆ ಚುಚ್ಚಿತು. ನನ್ನ ಬೆರಳಿಗೆ ಸೂಜಿ ಹೊಸದೇ? ಬಾಯಲ್ಲಿಟ್ಟು ಚೀಪಿ ಕೆಲಸ ಮುಂದುವರಿಸಿದೆ. ನೋಡುತ್ತೇನೆ, ತೋಳಿನ ತುಂಬ ಕೆಂಪು ಚುಕ್ಕಿ. ರಕ್ತ ನಿಲ್ಲಲೇ ಇಲ್ಲ. ಅಂಗಡಿಯ ಯಜಮಾನಿ ಕೋಟು ನನ್ನ ಕೈಯಿಂದ ತೆಗೆದುಕೊಂಡಳು. ಬೈದಿದ್ದರೆ ವಾಸಿಯಿತ್ತು. ಈಗ ನನಗೆ ಬರೀ ಕಪ್ಪು ಬಟ್ಟೆ ಕೊಡುತ್ತಾಳೆ.

ಮೊಣಕೈ ಹತ್ತಿರ ನೀಲಿ ಗುರುತು, ಎಲ್ಲಿ ತಗುಲಿತೋ ನೆನಪಿಲ್ಲ. ಮಧ್ಯಾಹ್ನ ತಲೆ ಸಿಡಿಯುತ್ತದೆ, ಬಿಸಿಲಿಗಿರಬೇಕು. ಪಕ್ಕದ ಕೋಣೆಯ ಟೈಪಿಸ್ಟ್ ಹುಡುಗಿ ಖಾಲಿ ಮಾಡಿ ಹೋದಳು. ಗೋಡೆಯಾಚೆ ಅವಳ ಕೆಮ್ಮು ಕೇಳಿಸಿದರೆ ಮುಂಚೆ ರೇಗುತ್ತಿತ್ತು, ಈಗ ಅದೂ ಇಲ್ಲ.

ಎಂಟು ಗಂಟೆ ತಪ್ಪಿಸಿಲ್ಲ. ನೀನೂ ತಪ್ಪಿಸಬೇಡ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಆಮೇಲೆ ನಾನು ಬರೆದ ಕಾಗದಕ್ಕೂ ಉತ್ತರವಿಲ್ಲ. ಕೆಲಸ ಜಾಸ್ತಿಯೇ, ಇಲ್ಲ ಆ ಡಬ್ಬಿಯ ವಿಷಯಕ್ಕೆ ಇನ್ನೂ ನಗುತ್ತಿದ್ದೀಯಾ? ಅಂಚೆಯವನು ಬಾಗಿಲು ತಟ್ಟಿದರೆ ನನಗೆ ಕೇಳಿಸುವುದಿಲ್ಲ ಅಂತ ಬಾಗಿಲು ತೆರೆದೇ ಕೂರುತ್ತೇನೆ.

ತಮ್ಮ


ಏಪ್ರಿಲ್ ೧೭
(ಕಳಿಸದೆ ಇಟ್ಟಿದ್ದು)

ಬಾಲ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಬರೆಯುತ್ತೇನೆ, ನಿನ್ನನ್ನು ಬಿಟ್ಟು ಯಾರಿಗೂ ಹೇಳಿ ನನಗೆ ಅಭ್ಯಾಸವಿಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿದ್ದೇನೆ. ಅಂಗಡಿಯಲ್ಲಿ ಇಸ್ತ್ರಿ ಮೇಜು ಹಿಡಿದು ನಿಂತವಳು ಹಾಗೇ ಜಾರಿ ಬಿದ್ದೆನಂತೆ. ಅದಕ್ಕೆ ಮುಂಚೆ ಕೆಲವು ದಿನದಿಂದ ಮಲ ಕಪ್ಪಗೆ ಹೋಗುತ್ತಿತ್ತು. ನಾಚಿಕೆಯ ವಿಷಯ, ಯಾರಿಗೆ ಹೇಳಲಿ ಅಂತ ಸುಮ್ಮನಿದ್ದೆ. ಅದು ರಕ್ತವಂತೆ. ಹೊಟ್ಟೆಯೊಳಗೆ ಹುಣ್ಣಾಗಿ ಒಸರುತ್ತಿತ್ತಂತೆ. ಬೇರೆಯವರ ರಕ್ತ ಏರಿಸಿದರು. ಆಮೇಲೆ ಬಿಪಿ ಎಷ್ಟು ಏರಿತ್ತೆಂದರೆ ನರ್ಸು ಮತ್ತೊಮ್ಮೆ ನೋಡಿದಳು, ಯಂತ್ರವೇ ಕೆಟ್ಟಿದೆ ಅಂದುಕೊಂಡಳಂತೆ.

ಡಾಕ್ಟರಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಯಾರು ಆಸ್ಪಿರಿನ್ ಬರೆದುಕೊಟ್ಟಿದ್ದು ಅಂತ ಕೇಳಿದರು. ನಮ್ಮ ತಮ್ಮನಿಗೆ ಬರೆದಿದ್ದರು ಅಂದೆ. ಅವರಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: "ನೋಡಿಮ್ಮ, ಆಸ್ಪಿರಿನ್ ಬಿಪಿ ಇಳಿಸೋ ಔಷಧಿ ಅಲ್ಲ. ರಕ್ತವನ್ನ ಎಣ್ಣೆ ಥರ ತೆಳು ಮಾಡೋದೂ ಇಲ್ಲ, ಹೆಪ್ಪುಗಟ್ಟದ ಹಾಗೆ ತಡೆಯುತ್ತೆ ಅಷ್ಟೇ. ನಿಮ್ಮ ತಮ್ಮನಿಗೆ ಅದು ಬೇಕೇ ಬೇಕು. ನಿಮಗೆ ಹೃದಯದ ತೊಂದರೆ ಇಲ್ಲ, ಬಿಪಿ ಮಾತ್ರ ಹೀಗಿದೆ. ಹೊಟ್ಟೇಲಿ ಆದ ರಕ್ತಸ್ರಾವ ತಲೆಯಲ್ಲಿ ಆಗಿದ್ರೆ ನಾವಿವತ್ತು ಮಾತಾಡ್ತಾ ಇರ್ತಿರಲಿಲ್ಲ."

ಆಸ್ಪಿರಿನ್ ನಿಲ್ಲಿಸಿದ್ದಾರೆ. ಬಿಪಿಗೆ ಪಾದ ಊದಿಸದ ಬೇರೆ ಮಾತ್ರೆ ಕೊಟ್ಟಿದ್ದಾರೆ. ಅಂಥದ್ದೊಂದು ಇದೆ ಅಂತ ನಾನು ಯಾವತ್ತೂ ಕೇಳಿರಲೇ ಇಲ್ಲ.

ನಿನಗೆ ಹೇಳದಿರುವುದು ಯಾಕೆ ಅಂದರೆ ನಾಯಿಕೆಮ್ಮು ಬಂದ ವರ್ಷ ನನಗೆ ನೆನಪಿದೆ. ಆ ಔಷಧಿಯಿಂದ ನನ್ನ ಮೈ ತುಂಬ ದದ್ದು ಎದ್ದಿತು, ಅಮ್ಮ ನನಗೆ ನಿಲ್ಲಿಸಿದಳು. ಅವತ್ತಿನಿಂದ ನೀನೂ ಬಾಯಿ ಬಿಗಿದುಕೊಂಡೆ. ಅಕ್ಕನಿಗೆ ಬೇಡ ಅಂದ್ರೆ ನನಗೂ ಬೇಡ ಅಂದೆ. ಮೂಗು ಹಿಡಿದರೂ ಉಗುಳಿದೆ. ನೀನು ನೀಲಿಗಟ್ಟಿ ಅಮ್ಮನ ತೊಡೆಯ ಮೇಲೆ ಬಿದ್ದಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಈಗ ನನಗೆ ಆಸ್ಪಿರಿನ್ ಆಗಲಿಲ್ಲ ಅಂತ ತಿಳಿದರೆ ನೀನು ಆ ಕ್ಷಣವೇ ಬಿಡುತ್ತೀಯ. ನಿನ್ನನ್ನು ನಾನು ಬಲ್ಲೆ. ನೀನು ಬಿಟ್ಟರೆ ಆ ಸ್ಟೆಂಟ್ ಕಟ್ಟಿಕೊಳ್ಳುತ್ತದೆ.

ಅದಕ್ಕೇ ನುಂಗುತ್ತಿದ್ದೇನೆ ಅಂತಲೇ ಬರೆಯುತ್ತೇನೆ. ಇವತ್ತು ಎಂಟಕ್ಕೆ ಬರಿಯ ನೀರು ಕುಡಿದೆ.


ಏಪ್ರಿಲ್ ೨೮

ಬಾಲ,

ಶಾಲೆಯ ಸಮವಸ್ತ್ರದ ದೊಡ್ಡ ಆರ್ಡರ್ ಬಂದಿತ್ತು, ತಲೆ ಎತ್ತಲು ಪುರುಸೊತ್ತಿರಲಿಲ್ಲ. ಅಕ್ಷರ ವಕ್ರವಾಗಿದ್ದರೆ ಪೆನ್ನಿನ ತಪ್ಪು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಆಸ್ಪಿರಿನ್ ನಡೆಯುತ್ತಿದೆ, ಏನೂ ತೊಂದರೆಯಿಲ್ಲ. ನೀನು ಒಂದು ದಿನವೂ ಬಿಡಬೇಡ. ನೆಗಡಿ ಬಂದರೂ ಬಿಡಬೇಡ, ಬೇಜಾರಾದರೂ ಬಿಡಬೇಡ.

ನಿನ್ನ ಹೆಂಡತಿಗೆ ದಿನಾ ಮಾತ್ರೆ ಎಣಿಸಿ ನೋಡಲು ಹೇಳು.

ಅಕ್ಕ


ಮೇ ೧೬

ಅಕ್ಕಾ,

ನಿನ್ನ ಕಾಗದ ಬಂದ ದಿನ ಉಗ್ರಾಣಿಗೆ ಚಹಾ ಕೊಡಿಸಿದೆ. ಯಾಕೆ ಅಂತ ಅವನಿಗೆ ಗೊತ್ತಾಗಲಿಲ್ಲ, ಕುಡಿದ.

ನನಗೆ ಈಚೆಗೆ ಸ್ವಲ್ಪ ಸುಸ್ತು. ಸ್ಟೋರಿನ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಉರಿ. ನಿನ್ನ ಹತ್ತಿರ ಏನು ಮುಚ್ಚುಮರೆ, ಬಯಲಿಗೆ ಹೋದರೆ ಗ್ರೀಸಿನ ಹಾಗೆ ಕಪ್ಪಗೆ. ಉಗ್ರಾಣಿ ಮುಖ ನೋಡಿ, ಬಿಳಚಿಕೊಂಡಿದೀಯ, ಡಾಕ್ಟರಿಗೆ ತೋರಿಸು ಅಂತ ಬರೆದು ತೋರಿಸಿದ. ನಾನೂ ಒಂದು ಗಳಿಗೆ ಹೆದರಿದೆ, ಈ ಮಾತ್ರೆಯಿಂದಲೇ ಆಗಿರಬಹುದೇ ಅಂತ. ಆಮೇಲೆ ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ಅದೇ ಮಾತ್ರೆ ನೀನೂ ನುಂಗುತ್ತಿದ್ದೀಯ, ಗುಂಡುಕಲ್ಲಿನ ಹಾಗಿದ್ದೀಯ. ನಿನಗಾಗದ್ದು ನನಗೆಲ್ಲಿಂದ ಆಗಬೇಕು? ಅವನಿಗೂ ಅದನ್ನೇ ಹೇಳಿದೆ. ಮುಂದಿನ ತಿಂಗಳ ಕೊನೆಗೆ ಹೇಗೂ ತಪಾಸಣೆಯಿದೆ, ಆಗ ನೋಡೋಣ.

ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಇವಳು ಎಣಿಸುತ್ತಾಳೆ.

ತಮ್ಮ


ಮೇ ೨೪

ತಮ್ಮಾ,

ಇದು ನಿನ್ನ ಕೈ ಸೇರುವಷ್ಟರಲ್ಲಿ ನಿನ್ನನ್ನು ಆಸ್ಪತ್ರೆಗೆ ಒಯ್ದಿರುತ್ತಾರೆ. ಸಿಟ್ಟಾಗಬೇಡ, ಒಯ್ಯಲು ಹೇಳಿದವಳು ನಾನೇ.

ನಾನು ಸುಳ್ಳು ಬರೆದೆ. ಇದರ ಜೊತೆಗಿರುವ ಹಾಳೆಯನ್ನು ಓದು, ಏಪ್ರಿಲ್‌ನಲ್ಲೇ ಬರೆದದ್ದು. ನಿನ್ನದೂ ಅದೇ ಕಪ್ಪು, ಅದೇ ನಿತ್ರಾಣ. ಅದು ರಕ್ತ. ನೀನು ಮಾತ್ರೆ ಬಿಡದಿರಲಿ ಅಂತ ನಾನು ಚೆನ್ನಾಗಿದ್ದೇನೆ ಅಂದೆ. ಆ ಮಾತು ನಂಬಿಕೊಂಡು ನೀನು ಡಾಕ್ಟರ ಹತ್ತಿರ ಹೋಗಲಿಲ್ಲ. ಸಮಾಧಾನಕ್ಕೆ ಅಂತ ನಾನು ಬರೆದ ಕಾಗದವನ್ನು ನೀನು ಪರೀಕ್ಷೆಯ ರಿಪೋರ್ಟ್ ಮಾಡಿಕೊಳ್ಳುತ್ತೀಯ ಅಂತ ನನಗೆ ಹೊಳೆಯಲೇ ಇಲ್ಲ.

ನಿನ್ನ ಕಾಗದ ಓದಿದ ಕೂಡಲೇ ನಿನ್ನ ಮನೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ನಿನ್ನ ಹೆಂಡತಿಯ ನಂಬರಿಗೆ ಮಾಡಿದೆ, ಎತ್ತಿದಳು. ನನ್ನ ತಮ್ಮನನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಮ್ಮ ಅಂದೆ. ಅವಳು, "ಅತ್ತಿಗೆ, ನಾನು ಮಗಳ ಮನೇಲಿದೀನಿ. ಅಲ್ಲಿಂದ ಬಂದು ಎರಡು ವರ್ಷ ಆಯ್ತು. ಅವರು ನಿಮಗೆ ಹೇಳಿಲ್ವಾ?" ಅಂದಳು. ಹೃದಯಾಘಾತವಾದದ್ದೂ ಅವಳಿಗೆ ಗೊತ್ತಿರಲಿಲ್ಲ. ನಾನು ಎರಡು ವರ್ಷದಿಂದ ಆ ಬಿಗಿಯಾದ ಬಟ್ಟೆಗೇ ಅವಳಿಗೆ ಸಿಟ್ಟು ಅಂದುಕೊಂಡು ಕೂತಿದ್ದೆನಲ್ಲೋ. ಕೊನೆಗೆ ಗಿರಣಿಯ ಆಫೀಸಿಗೆ ಫೋನ್ ಮಾಡಿ ಉಗ್ರಾಣಿಯನ್ನು ಕರೆಸಿದೆ. ಆ ಪುಣ್ಯಾತ್ಮ ಈಗಲೇ ಹೊರಟೆ ಅಂದ.

ಈಗ ನಾನು ಹೇಳುವುದನ್ನು ಎರಡು ಸಲ ಓದು. ನನಗೆ ಆಗಲಿಲ್ಲ ಅಂತ ನೀನು ಆಸ್ಪಿರಿನ್ ಬಿಡಕೂಡದು. ನಿಲ್ಲಿಸಬೇಕೋ, ಎಷ್ಟು ದಿನ ನಿಲ್ಲಿಸಬೇಕೋ, ಅದನ್ನು ನಿನ್ನ ಡಾಕ್ಟರು ಹೇಳಲಿ. ನಾನು ಹೇಳಬಾರದು, ನೀನೂ ಹೇಳಬಾರದು. ಸ್ಟೆಂಟ್ ಇರುವುದು ನಿನ್ನೊಳಗೆ, ನನ್ನೊಳಗಲ್ಲ. ನಿನ್ನ ಮೈ ಬೇರೆ, ನನ್ನ ಮೈ ಬೇರೆ. ಇಷ್ಟು ಬರೆಯಲು ನನಗೆ ಇಡೀ ಬೆಳಗು ಹಿಡಿಯಿತು.

ನಾನೇ ಬರೋಣ ಅಂತ ಬಸ್ ನಿಲ್ದಾಣದವರೆಗೆ ನಡೆದೆ. ಕಣ್ಣಿಗೆ ಕತ್ತಲೆ ಕವಿದು ಯಾರೋ ಆಟೋ ಹತ್ತಿಸಿ ವಾಪಸ್ ಕಳಿಸಿದರು. ಇನ್ನೂ ಕೆಲವು ತಿಂಗಳು ಪ್ರಯಾಣ ಬೇಡ ಅಂದಿದ್ದಾರೆ.

ಒಬ್ಬನೇ ಇದ್ದೀಯ ಅಂತ ನನಗೆ ಯಾಕೆ ಹೇಳಲಿಲ್ಲ?

ಅಕ್ಕ


ಜೂನ್ ೬

ಅಕ್ಕಾ,

ವಾರ್ಡಿನಿಂದ ಬರೆಯುತ್ತಿದ್ದೇನೆ. ಉಗ್ರಾಣಿ ಅಂದು ಊಟದ ಡಬ್ಬಿ ಹಿಡಿದುಕೊಂಡೇ ಮನೆಗೆ ನುಗ್ಗಿ ಬಂದ. ನಾನು ಬಚ್ಚಲಿನ ಗೋಡೆಗೆ ಒರಗಿ ಕೂತಿದ್ದೆ, ಏಳಲಾಗುತ್ತಿರಲಿಲ್ಲ. ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ ಇಲ್ಲಿ. ರಕ್ತ ಕೊಟ್ಟರು, ಬಾಯೊಳಗೆ ಕ್ಯಾಮೆರಾ ಬಿಟ್ಟು ಹುಣ್ಣು ಹುಡುಕಿ ಅದನ್ನು ಅಲ್ಲೇ ಮುಚ್ಚಿದರು.

ನಿನ್ನ ಕಾಗದವನ್ನು ಉಗ್ರಾಣಿ ಮನೆಯಿಂದ ಇಲ್ಲಿಗೆ ತಂದುಕೊಟ್ಟ. ಓದಿದೆ. ನಿನ್ನ ಮೇಲೆ ಕೋಪ ಬಂತು, ಸುಳ್ಳಿಗಲ್ಲ. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನಿಲ್ಲಿ ಬಾಗಿಲು ತೆರೆದು ಅಂಚೆಯವನಿಗೆ ಕಾಯುತ್ತಿದ್ದೆನಲ್ಲ, ಅದಕ್ಕೆ. ಆ ಪಂಪು ವಾಲ್ವಿನ ಕಥೆ ಬರೆದ ನನ್ನ ಕೈಯನ್ನು ಏನು ಮಾಡಬೇಕೋ ಗೊತ್ತಿಲ್ಲ.

ಕೆಲವು ದಿನ ನಿಲ್ಲಿಸಿದ್ದ ಆಸ್ಪಿರಿನ್ನನ್ನು ಮೊನ್ನೆ ಮತ್ತೆ ಕೊಡಲು ಬಂದರು. ಜೊತೆಗೆ ಹೊಟ್ಟೆ ಕಾಯುವ ಇನ್ನೊಂದು ಮಾತ್ರೆ. ನೀನು ಅಂದುಕೊಂಡದ್ದು ಸರಿ, ನಾನು ಬೇಡ ಅಂದೆ. ನಮ್ಮಕ್ಕನಿಗೆ ನಿಲ್ಲಿಸಿದಾರೆ, ನನಗೂ ಬೇಡ ಅಂದೆ. ಡಾಕ್ಟರು ಏನೇನೋ ಹೇಳಿದರು, ಕೇಳಿಸಲಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಕೊಟ್ಟರು: ಇದು ನಿಮ್ಮ ಅಕ್ಕನಿಗೆ ವಿಷವಾಗಬಹುದು, ನಿಮಗೆ ಜೀವ. ನಾನು ನಿನ್ನ ಕಾಗದದ ಆ ಸಾಲನ್ನು ಮತ್ತೊಮ್ಮೆ ಓದಿದೆ, ನಿನ್ನ ಮೈ ಬೇರೆ ನನ್ನ ಮೈ ಬೇರೆ ಅಂತ. ಆಮೇಲೆ ನುಂಗಿದೆ. ನಿನಗೆ ನಿಲ್ಲಿಸಿದ್ದಾರೆ ಅಂತ ಗೊತ್ತಿದ್ದೂ ನಾನು ಒಬ್ಬನೇ ನುಂಗಿದ ಮೊದಲ ಔಷಧಿ ಅದು.

ಇವಳ ವಿಷಯ ಕೇಳಿದ್ದೀಯ. ಜಗಳವೇನೂ ಆಗಲಿಲ್ಲ. ಮಗಳ ಬಾಣಂತನಕ್ಕೆ ಹೋದಳು. ಅಲ್ಲಿ ಅವಳು ಆಡಿದ ಮಾತಿಗೆ ಯಾರಾದರೂ ಓ ಅನ್ನುತ್ತಾರೆ. ಇಲ್ಲಿ ನಾನು ತಲೆಯಾಡಿಸುತ್ತಿದ್ದೆ. ನಿಮ್ಮ ಜೊತೆ ಇದ್ದೂ ಇದ್ದೂ ನನಗೆ ಮಾತೇ ಮರೆತುಹೋಗ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದಳು. ಅವಳದು ತಪ್ಪಲ್ಲ. ನಿನಗೆ ಹೇಳಿದ್ದರೆ ನೀನು ಅಂಗಡಿ ಬಿಟ್ಟು ಬಂದುಬಿಡುತ್ತಿದ್ದೆ. ನೀನು ಬಂದರೂ ನನಗೆ ನಿನ್ನ ಮಾತು ಕೇಳಿಸುತ್ತಿರಲಿಲ್ಲ. ನೀನೂ ಒಂದು ದಿನ ಸೋತು ಹೊರಟುಬಿಟ್ಟರೆ ಅನ್ನುವ ಹೆದರಿಕೆ ನನಗೆ. ಕಾಗದದಲ್ಲಾದರೆ ನಾನು ಕಿವುಡನಲ್ಲ.

ನಾಳೆ ಮನೆಗೆ ಕಳಿಸುತ್ತಾರೆ. ಇವತ್ತು ನರ್ಸು ಫಾರಂ ತುಂಬಲು ಬಂದು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಅಂತ ಬರೆದು ತೋರಿಸಿದಳು. ಜನವರಿಯಲ್ಲಿ ಕೇಳಿದಾಗ ಹೆಂಡತಿ ಅಂದಿದ್ದೆ. ಈ ಸಲ ಯಾರೂ ಇಲ್ಲ ಅಂದೆ. ಏನಾದರೂ ಆದರೆ ತಿಳಿಸಬೇಕಾದವರು ಯಾರು ಅಂತ ಬರೆದು ಕೇಳಿದಳು. ನಿನ್ನ ವಿಳಾಸ ಹೇಳಿದೆ. ಅವಳು ಊರಿನ ಹೆಸರು ನೋಡಿ, ಇಷ್ಟು ದೂರದಿಂದ ಅವರು ಬರೋ ಹೊತ್ತಿಗೆ ಏನು ಪ್ರಯೋಜನ, ಹತ್ತಿರದವರು ಯಾರೂ ಇಲ್ವಾ ಅಂತ ಬರೆದಳು.

ಅವರೇ ಹತ್ತಿರದವರು, ಬರ್ಕೊಳ್ಳಮ್ಮ ಅಂದೆ. ಬರೆದುಕೊಂಡಳು.

ನಿನ್ನ ತಮ್ಮ